ಚಿನಾಮಿಯ ಹೆಬ್ಬೆರಳು

ಜಪಾನಿನ ಕೋಬೆ ನಗರದಲ್ಲಿ, ಶೂ ಕಾರ್ಖಾನೆಗಳ ಕೇರಿಯಾದ ನಗಾತಾದಲ್ಲಿ ತೊಕುಜಿಯ ಬಾಯಿಗೆ ಹೆದರದ ಮೇಸ್ತ್ರಿಯಿರಲಿಲ್ಲ. ಹದಿನೈದಕ್ಕೇ ಶಾಲೆ ಬಿಟ್ಟು ಶೂಗಳಿಗೆ ಅಟ್ಟೆ ಅಂಟಿಸಲು ಕೂತವನು. ಮೂವತ್ತೆರಡು ವರ್ಷದ ಗೋಂದಿನ ವಾಸನೆ ಎಷ್ಟು ಮಿಂದರೂ ಬಿಡದು. ಆದರೆ ಹತ್ತು ವರ್ಷದ ಮಗಳು ಚಿನಾಮಿ ಕಾಲುಚೀಲ ಕಳಚಿದರೆ ಆ ಬಾಯಿ ಕಟ್ಟಿಹೋಗುತ್ತಿತ್ತು. ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿಗೆ ಒರಗಿತ್ತು. ಬುಡದ ಎಲುಬು ಉಬ್ಬಿ ಕೆಂಪಗೆ ಬೆಂದಂತಿತ್ತು. ಅವನ ತಾಯಿಯದೂ ಇಂಥದೇ ಕಾಲು. ಮೀನಿನಂಗಡಿಯಲ್ಲಿ ನಿಂತೇ ಬದುಕು ಸವೆಸಿದವಳು ಕೊನೆಗೆ ಮನೆಯೊಳಗೆ ಮಂಡಿಯಲ್ಲಿ ತೆವಳುತ್ತಿದ್ದಳು. ಮಗಳೂ ಹಾಗೇ ಆದರೆ?

ಮೂರನೇ ಆಸ್ಪತ್ರೆಯಲ್ಲಿ ಅವನು ಮೇಜು ಗುದ್ದಿದ. "ಕೊಯ್ದು ನೆಟ್ಟಗೆ ಮಾಡ್ರಿ ಅಂದ್ರೆ ಎಲ್ರದ್ದೂ ಒಂದೇ ರಾಗ! ಕಾಯಿರಿ, ಕಾಯಿರಿ!"

"ಗುದ್ದಿ, ಮೇಜು ನಂದಲ್ಲ," ಎಂದಳು ನರೆಗೂದಲಿನ ಡಾಕ್ಟರಮ್ಮ. "ಎಲುಬು ಇನ್ನೂ ಬೆಳೀತಿದೆ. ಈಗ ಕೊಯ್ದ್ರೆ ಬೆಳೀತಾ ಬೆಳೀತಾ ಮತ್ತೆ ವಾಲಬಹುದು. ಬೆಳೆಯೋದು ನಿಲ್ಲಲಿ, ಆಗ್ಲೂ ನೋವಿದ್ರೆ ನೋಡೋಣ."

"ಅಲ್ಲೀವರ್ಗೂ ನೋವು ತಿಂತಾ ಕೂರ್ಬೇಕಾ ಮಗು? ನಮ್ಮಮ್ಮಂದೂ ಇದೇ ಕಾಲು, ಕೊನೆಗೆ ತೆವಳಿದ್ಲು!"

"ಎಲ್ಲಿ, ಅವಳ ಶೂ ತನ್ನಿ."

ಬಾಗಿಲ ಬಳಿಯಿಂದ ತಂದ. ಲೇಸು ಒಂದು ದಿನವೂ ಬಿಚ್ಚಿದಂತಿರಲಿಲ್ಲ. ಹಿಂಭಾಗ ತುಳಿದು ತುಳಿದು ಚಪ್ಪಟೆಯಾಗಿತ್ತು. ಚಿನಾಮಿ ಹಾಕಿಕೊಂಡಳು. ಹಿಮ್ಮಡಿಯ ಹಿಂದೆ ಡಾಕ್ಟರಮ್ಮನ ಎರಡು ಬೆರಳು ಸಲೀಸಾಗಿ ಇಳಿದವು.

"ಎರಡು ಸೈಜು ದೊಡ್ಡದು. ಹೆಜ್ಜೆ ಇಟ್ಟಾಗೆಲ್ಲ ಕಾಲು ಮುಂದಕ್ಕೆ ಜಾರಿ ಬೆರಳು ತುದೀಲಿ ನಲುಗುತ್ತೆ. ಯಾರು ತಂದಿದ್ದು?"

"ಬೆಳೆಯೋ ಮಗು ಅಂತ..." ತೊಕುಜಿಯ ದನಿ ಇಳಿಯಿತು.

"ಅಪ್ಪನೇ," ಎಂದಳು ಚಿನಾಮಿ. "ಲೇಸು ಬಿಚ್ಚೋಕೆ ಕೂತ್ರೆ ‘ತುರುಕ್ಕೊಂಡು ನಡಿಯೇ ಸೋಮಾರಿ’ ಅಂತ ಬಯ್ಯೋದೂ ಅಪ್ಪನೇ."

"ವಾಲೋ ಎಲುಬು ಅಜ್ಜಿಯಿಂದ ಬಂದಿರಬಹುದು, ಅದು ನಿಮ್ಮ ತಪ್ಪಲ್ಲ," ಎಂದಳು ಡಾಕ್ಟರಮ್ಮ. "ನೋವು ಏರಿಸಿರೋದು ಈ ಶೂ. ಅಳತೆಯದು, ಮುಂದೆ ಅಗಲ ಇರೋದು ಕೊಡಿಸಿ. ದಿನಾ ಕಾಲ್ಬೆರಳಲ್ಲಿ ಕಲ್ಲು-ಕತ್ತರಿ-ಕಾಗದ ಆಡಿಸಿ, ಬೆರಳು ಮಡಚೋದು, ಅರಳಿಸೋದು. ನೋವು ಇಳಿಯುತ್ತೆ. ಬೆರಳು ನೆಟ್ಟಗಾಗುತ್ತೆ ಅಂತ ಮಾತು ಕೊಡಲ್ಲ."

ದಿನಕ್ಕೆ ನಾನೂರು ಅಟ್ಟೆ ಅಂಟಿಸುವವನು ಮಗಳ ಪಾದವನ್ನು ಒಮ್ಮೆಯೂ ಅಳೆದಿರಲಿಲ್ಲ. ಸಿಟ್ಟು ಮಾಡೋಣವೆಂದರೆ ತನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ.

ಅಂದೇ ಪಾದ ಅಳೆದು ಹೊಸ ಶೂ ತಂದ. ಮರುದಿನದಿಂದ ಹೊಸ್ತಿಲಲ್ಲಿ ಅವನೇ ಮಂಡಿಯೂರಿದ. ಲೇಸು ಬಿಚ್ಚಿ, ಹಿಮ್ಮಡಿ ಹಿಂದಕ್ಕೆ ಕೂರಿಸಿ, ಬಿಗಿದು ಕಟ್ಟಿದ. "ಅಪ್ಪಾ, ಸ್ಕೂಲಿಗೆ ಹೊತ್ತಾಯ್ತು!" "ಆಗ್ಲಿ, ಸುಮ್ನಿರು."

ಮೂರು ತಿಂಗಳಾಯಿತು. ಸಂಜೆ ಊಟ ಮುಗಿದು ಇಬ್ಬರೂ ಚಾಪೆಯ ಮೇಲೆ ಕಾಲು ಚಾಚಿದರು. "ಕಲ್ಲು!" ಬೆರಳುಗಳು ಮಡಚಿಕೊಂಡವು. "ಕಾಗದ!" ಚಿನಾಮಿಯ ಬಲಗಾಲಿನ ನಾಲ್ಕು ಬೆರಳು ಅರಳಿದವು, ಹೆಬ್ಬೆರಳು ಒರಗಿದಲ್ಲೇ ಇತ್ತು.

"ಅಪ್ಪಾ, ಇದು ನೆಟ್ಟಗಾಗಲ್ವಾ?"

ತೊಕುಜಿ ಆ ಬೆರಳನ್ನು ಮೆಲ್ಲಗೆ ಒತ್ತಿ ನೋಡಿದ. "ನೋವು?"

"ನಡೆದ್ರೆ ಇಲ್ಲ. ಓಡಿದ್ರೆ ಇದೆ."

ಕೆಂಪು ಗಂಟಿನ ಮೇಲೆ ಅವನು ಅಂಗೈ ಮುಚ್ಚಿದ. ಆಮೇಲೆ ಕೈ ತೆಗೆದ.

"ಇನ್ನೊಂದ್ಸಲ ಮಗಾ. ಕಾಗದ!"