ಮಂಜವ್ವ ವೈನಿಯ ರೊಟ್ಟಿಗೊಂದು ವಿಳಾಸ

ನಮ್ಮ ಮಂಜವ್ವ ವೈನಿ ಬಡಿದ ಕಡಕ್ ರೊಟ್ಟಿ ತಿಂದವರು ಹಿರೇಬೆಂಡಿಗೇರಿಯ ದಾರಿ ಮರೆಯುವುದಿಲ್ಲ. ನಾನು ಅವಳ ನಾದಿನಿ ಜಯಾ. ಯಾರನ್ನೂ ಸುಮ್ಮಸುಮ್ಮನೆ ಹೊಗಳುವ ಪೈಕಿ ಅಲ್ಲ. ಆದರೆ ಊರೆಲ್ಲ ಕರೆಯುವುದು 'ಉಳಿವೆಪ್ಪನ ರೊಟ್ಟಿ' ಎಂದು! ಉಳಿವೆಪ್ಪ ನನ್ನ ಅಣ್ಣ, ಅವಳ ಗಂಡ. ಆ ರೊಟ್ಟಿಗೆ ಅವನು ಮಾಡಿದ ಸೇವೆಯೆಂದರೆ ತಿಂದದ್ದೊಂದೇ.

ಹೋದ ವರ್ಷ ವೈನಿಗೆ ಹಟ ಹುಟ್ಟಿತು. ದಲ್ಲಾಳಿಯ ಚೀಟಿ ಅಂಟಿಸಿಕೊಂಡು ಹೋಗುತ್ತಿದ್ದ ರೊಟ್ಟಿ ಇನ್ನು ಮನೆಯದೇ ಪಾಕೀಟಿನಲ್ಲಿ, ಮನೆಯದೇ ವೆಬ್‌ಸೈಟ್ ಹೆಸರು ಹೊತ್ತು ಹೋಗಬೇಕಂತೆ. ಹೆಸರು ಗೊತ್ತುಮಾಡಲು ಹೊರಟ ದಿನವೇ ಸಂಜೆ ಪಾಕೀಟು ಅಚ್ಚಿಗೆ ಹೋಗುವುದಿತ್ತು. ಅಷ್ಟರೊಳಗೆ ಹೆಸರು ಸಿಗದಿದ್ದರೆ ಮತ್ತೆ ದಲ್ಲಾಳಿಯೇ ಗತಿ. ವೈನಿ, ಅಣ್ಣ, ನಾನು ಮೂವರೂ ಶಿಗ್ಗಾಂವಿಯ ಕಂಪ್ಯೂಟರ್ ಅಂಗಡಿಗೆ ಓಡಿದೆವು.

"ಏನ್ ಹೆಸರು ಇಡಬೇಕ್ರಿ?" ಅಂಗಡಿಯ ಅಂಕಿತಾ ಕೇಳಿದಳು.

ಬಂತಲ್ಲ ಪೀಕಲಾಟ! ಊರು ಕರೆಯುವ ಹೆಸರೇ ಇಡೋಣವೆಂದರೆ, ಪ್ರಾಸ ಕಟ್ಟಿದ ಒಡಪು ಹಾಕದೆ ವೈನಿ ಗಂಡನ ಹೆಸರು ಬಾಯಿಗೆ ತಂದವಳಲ್ಲ. ಸೆರಗು ಸರಿಮಾಡಿಕೊಂಡು ಶುರು ಹಚ್ಚಿದಳು: "ಒಲಿ ಮ್ಯಾಲ ಹಂಚು, ಹಂಚಿನ ಮ್ಯಾಲ ಬಿಳಿಜೋಳದ ರೊಟ್ಟಿ, ಉಳಿವೆಪ್ಪನವರ ಕೈ ಹಿಡಿದೇನಿ ಗಟ್ಟಿ!"

ಅಂಕಿತಾ, ಪಾಪ, ಅಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದಳು. ಪರದೆಯ ಮೇಲೆ ಕೆಂಪು ಗುರುತು ಬಂತು.

"ನಡುವ ಜಾಗ ಬಿಡಂಗಿಲ್ರಿ, ಅಲ್ಪವಿರಾಮ ನಡಿಯಂಗಿಲ್ರಿ. ಚುಕ್ಕಿಗಿಂತ ಮೊದಲ ಅರವತ್ಮೂರು ಅಕ್ಷರ ದಾಟಂಗಿಲ್ರಿ. ಜಗತ್ತಿಗೆಲ್ಲಾ ಇದ ಕಾಯ್ದೆ."

"ಕಾಯ್ದೆ ಮಾಡಿದವ್ರಿಗೆ ಮದುವಿ ಆಗಿಲ್ಲೇನು?" ವೈನಿ ಸಿಡುಕಿದಳು.

ನನ್ನ ತಾಳ್ಮೆ ಮುಗಿಯಿತು. "ಉಳಿವೆಪ್ಪ ಅಂತ ಬಡಿಯವಾ, ಸಾಕು!"

ಅಂಕಿತಾ ಬಡಿದು ತಲೆಯಾಡಿಸಿದಳು. "ಈ ಹೆಸರು ಬ್ಯಾರೆಯವ್ರು ತಗೊಂಡಾರ್ರಿ."

"ಯಾವಾಕಿ ಆಕಿ?" ವೈನಿ ಎದ್ದೇ ನಿಂತಳು. ಅಣ್ಣ ದೇವರಾಣೆ ಹಾಕತೊಡಗಿದ. ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆ.

"ಉಳಿವೆಪ್ಪನ ಹೆಸರಿಗೂ ರೊಟ್ಟಿಗೂ ನಡುವ ಒಂದು ಗೀಟು ಹಾಕ್ಲೇನ್ರಿ? ಮೊದಲಿಗೂ ಕಡೀಗೂ ಬರಂಗಿಲ್ಲ, ನಡುವ ನಡೀತೈತಿ," ಎಂದಳು ಅಂಕಿತಾ.

"ಇಷ್ಟು ವರ್ಷ ಕೂಡಿ ಬಾಳೇವಿ. ಈಗ್ಯಾಕ ನಡುವ ಗೀಟು ಎಳೀತಿ ನಮ್ಮವ್ವಾ?" ವೈನಿಯ ದನಿ ನಡುಗಿತು. ಅಚ್ಚಿನವನ ಫೋನು ಬೇರೆ ಹೊಡೆದುಕೊಳ್ಳುತ್ತಿತ್ತು. ಅವಳ ಕಣ್ಣು ತುಂಬಿದ್ದು ಕಂಡು ನನ್ನ ನಗೆಯೂ ನಿಂತಿತು.

ಆಗ ಅಣ್ಣ ಬಾಯಿಬಿಟ್ಟ. "ರೊಟ್ಟಿ ಬಡಿಯಾಕಿ ಆಕಿ. ಆಕಿ ಹೆಸರ ಹಾಕ್ರಿ."

"ಹೆಸರು ಏನ್ರಿ?"

ಮಗ ಪ್ರಭು ಹುಟ್ಟಿದಾಗಿನಿಂದ ಹೆಂಡತಿಯನ್ನು 'ಪ್ರಭೂನ ಅವ್ವ' ಎಂದೇ ಕರೆದವನು ಅವನು. ಅದಕ್ಕೂ ಮೊದಲು 'ಏ' ಎನ್ನುತ್ತಿದ್ದ. ಫ್ಯಾನು ನೋಡಿದ, ಮೀಸೆ ಒರೆಸಿಕೊಂಡ. ಕಿವಿ ಕೆಂಪಾದವು.

"ಮಂ... ಮಂಜವ್ವ. ಮಂಜವ್ವನ ರೊಟ್ಟಿ."

"ಸಿಕ್ತ್ರೀ!" ಅಂಕಿತಾ ಕೂಗಿದಳು.

ವೈನಿ ಪರದೆಯ ಕಡೆ ನೋಡಲೇ ಇಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಕಿತಾಳ ಹತ್ತಿರ ಬಾಗಿದಳು.

"ನಿನಗ ಸರಿ ಕೇಳ್ಸಿಲ್ಲ ಕಾಣ್ತೈತಿ ಯವ್ವಾ. ಅವರಿಗೆ ಇನ್ನೊಮ್ಮೆ ಹೇಳಾಕ ಹೇಳು."