ಕತ್ತರಿಯಕ್ಕನ ಕರೆಂಟ್ ಪೆಟ್ಟಿಗೆ

ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕು ಮಹಡಿಯ ಕಟ್ಟಡದ ಮುಂದೆ ನಿಂತಿರುವ, ಪ್ರವಾಸಕ್ಕೆಂದು ಒಲೆ, ಮಂಚ ಕೂರಿಸಿ ಮಾಡಿದ ಹಳೆಯ ಕ್ಯಾಂಪರ್ ವ್ಯಾನಿನೊಳಗೆ ಗ್ಯಾಸ್ ಒಲೆಯ ಮೇಲೆ ನೀರು ಕಾಯುತ್ತಿದೆ. ಕತ್ತರಿಯಕ್ಕ ಮೊಣಕೈ ಅದ್ದಿ ನೋಡುತ್ತಾರೆ, ಅರ್ಧ ಚೊಂಬು ತಣ್ಣೀರು ಬೆರೆಸುತ್ತಾರೆ, ಮತ್ತೆ ಅದ್ದುತ್ತಾರೆ. ಹಿಂದಕ್ಕೆ ಒರಗುವ ಕುರ್ಚಿಯಲ್ಲಿ, ತೊಟ್ಟಿಯ ಅಂಚಿಗೆ ಕುತ್ತಿಗೆ ಇಟ್ಟು, ನಿವೃತ್ತ ಗಣಿತದ ಮೇಡಂ ಕಣ್ಣು ಮುಚ್ಚಿದ್ದಾರೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಎಡಗೈ ಅವರ ಮಾತು ಕೇಳುವುದಿಲ್ಲ. ಮಗಳು ಕೆಲಸಕ್ಕೆ ಹೊರಡುವ ಮೊದಲು ಅವರನ್ನು ಕೆಳಗಿಳಿಸಬೇಕು, ಹಾಗಾಗಿ ಈ ಮನೆಗೆ ಬೆಳಗಿನ ಜಾವದ ಸರದಿ.

"ಬಿಸಿ ಸಾಕಾ ಮೇಡಂ?"

"ಇನ್ನೊಂಚೂರು ಇರ್ಲಿ. ಸ್ನಾನ ಆಯ್ತು ಅಂತ ತಲೆಗೂ ಗೊತ್ತಾಗ್ಬೇಕಲ್ಲ."

ಹಾಸಿಗೆ ಹಿಡಿದವರ, ನಡೆಯಲಾಗದವರ ಕೂದಲು ತೊಳೆದು, ಕತ್ತರಿಸಿ, ಒಣಗಿಸಿ ಬಾಚುವುದು ಕತ್ತರಿಯಕ್ಕನ ಕೆಲಸ. ಕಾಲು ಸಾಗುವವರು ವ್ಯಾನಿಗೆ ಬರುತ್ತಾರೆ. ಸಾಗದವರ ಮಂಚದ ಬಳಿಗೆ ಇವರೇ ಹೋಗುತ್ತಾರೆ. ದಿನಕ್ಕೆ ಐದಾರು ತಲೆ. ಗಾಡಿ ಓಡಿಸುವುದು ಗಂಡ. ಅವರು ಹಿಂದೆ ಶಾಲಾ ಬಸ್ಸಿನ ಚಾಲಕರಾಗಿದ್ದವರು. "ಆಗ ಮಕ್ಕಳು, ಈಗ ಅಜ್ಜಿಯರು. ಗಲಾಟೆ ಅಷ್ಟೇ ಇದೆ" ಎನ್ನುತ್ತಾರೆ.

ಕುರ್ಚಿಯ ಪಕ್ಕದಲ್ಲಿ ಸಣ್ಣ ಸೂಟ್‌ಕೇಸಿನಷ್ಟು ದೊಡ್ಡದಾದ ಬೂದು ಬಣ್ಣದ ಪೆಟ್ಟಿಗೆಯೊಂದಿದೆ. ಮೇಲೆ ಹಿಡಿಕೆ, ಮುಂದೆ ಪ್ಲಗ್ ಚುಚ್ಚುವ ಜಾಗ, ಪುಟ್ಟ ಪರದೆಯಲ್ಲಿ ಹೊಳೆಯುವ ಅಂಕಿ. ಅಂಗಡಿಯಲ್ಲಿ ಇದರ ಹೆಸರು ಪೋರ್ಟಬಲ್ ಪವರ್ ಸ್ಟೇಷನ್. ಹೆಸರು ಕೇಳಿದರೆ ಅಣೆಕಟ್ಟೆಯ ಬುಡದ ಭಾರಿ ಕಟ್ಟಡ ಕಣ್ಣಮುಂದೆ ಬರುತ್ತದೆ. ಇದು ಕೈಯಲ್ಲಿ ಹೊತ್ತೊಯ್ಯುವ ಬ್ಯಾಟರಿ, ಅಷ್ಟೇ. ವ್ಯಾನಿನ ದೀಪ, ನೀರೆತ್ತುವ ಪುಟ್ಟ ಪಂಪು, ಡ್ರೈಯರ್ ಎಲ್ಲಕ್ಕೂ ಇದೇ ಗತಿ.

"ಇದನ್ನ ಆರಿಸೋಕೆ ಮಾಡಿದಷ್ಟು ಯೋಚನೆ ಗಂಡನ್ನ ಆರಿಸೋವಾಗ್ಲೂ ಮಾಡಿರ್ಲಿಲ್ಲ" ಎಂದು ಕತ್ತರಿಯಕ್ಕ ನಗುತ್ತಾರೆ.

"ಹೌದೌದು, ನನ್ನ ವಾರಂಟಿ ಕೂಡ ಕೇಳ್ಲಿಲ್ಲ ಇವಳು" ಎಂದು ಚಾಲಕನ ಸೀಟಿನಿಂದ ದನಿ ಬರುತ್ತದೆ.

ಇವರ ಬಗ್ಗೆ ಬರೆಯಲೆಂದು ಬಂದ ನಾನು, ಕೂದಲಿಗೇಕೆ ಇಷ್ಟೆಲ್ಲ ಪಾಡು ಎಂದು ಕೇಳುತ್ತೇನೆ. ಅವರು ಮೇಡಂ ತಲೆಗೆ ಟವೆಲ್ ಸುತ್ತಿ ಹೇಳುತ್ತಾರೆ. ವ್ಯಾನ್ ಕೊಳ್ಳುವ ಮೊದಲು ಕತ್ತರಿಯಕ್ಕ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದರು. ಅಮ್ಮ ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದರು. ಒಂದು ಸಂಜೆ ಆಸ್ಪತ್ರೆಗೆ ಹೋದಾಗ ಅಮ್ಮನ ತಲೆ ಬೋಳಾಗಿತ್ತು. ಕೂದಲು ಗಂಟುಗಟ್ಟಿತ್ತು, ಬೇರೆ ದಾರಿ ಇರಲಿಲ್ಲ ಎಂದರಂತೆ ಅಲ್ಲಿನ ದಾದಿಯರು.

"ಅವರ ತಪ್ಪು ಅಂತಲ್ಲ. ಅಷ್ಟು ಜನರನ್ನ ನೋಡ್ಕೊಳ್ಳೋರಿಗೆ ಬಾಚೋಕೆ ಪುರುಸೊತ್ತೆಲ್ಲಿ? ಆದ್ರೆ ಅಮ್ಮ ಮಾತಾಡ್ತಾ ಮಾತಾಡ್ತಾ ಕೈಯನ್ನ ಹಿಂದಕ್ಕೆ ತಗೊಂಡು ಹೋಗೋಳು, ಜಡೆ ಮುಂದೆ ಹಾಕ್ಕೊಳ್ಳೋಕೆ. ಅಲ್ಲಿ ಏನೂ ಇಲ್ಲ ಅಂತ ನೆನಪಾಗಿ ಕೈ ಇಳಿಸೋಳು. ನಾನು ದಿನಾ ಊರವರ ತಲೆ ಎಲ್ಲಾ ತೊಳೀತಿದ್ದೆ."

ಅಮ್ಮ ತೀರಿಕೊಂಡ ಮೇಲೆ ಪಾರ್ಲರ್ ಬಿಟ್ಟರು. ಪ್ರವಾಸ ಸಾಕಾಗಿ ಯಾರೋ ದಂಪತಿ ಮಾರಿದ ಈ ಕ್ಯಾಂಪರ್ ವ್ಯಾನ್ ಕೊಂಡರು. ಮಂಚ ಕಿತ್ತು ಕುರ್ಚಿ ಕೂರಿಸಿದರು. ಒಲೆ, ತೊಟ್ಟಿ ಮೊದಲೇ ಇದ್ದವು. ಕರೆಂಟನ್ನು ಮಾತ್ರ ಹೋದ ಹೋದ ಮನೆಯಿಂದಲೇ ಎಳೆದುಕೊಳ್ಳಬೇಕಿತ್ತು. ಮೂರನೇ ಮಹಡಿಯ ಕಿಟಕಿಯಿಂದ ಬಟ್ಟೆ ಒಣಹಾಕುವ ಹಗ್ಗದಂತೆ ವೈರು ಇಳಿಯುತ್ತಿತ್ತು; ದಾರಿಹೋಕರು ಎಡವುತ್ತಿದ್ದರು. ಡೀಸೆಲ್ ಜನರೇಟರ್ ತಂದರೆ ಅದರ ಆರ್ಭಟಕ್ಕೆ ಕುರ್ಚಿಯಲ್ಲಿದ್ದವರು ಬೆಚ್ಚಿಬೀಳುತ್ತಿದ್ದರು. ಹೀಗಿರುವಾಗ ಗಂಡ ಒಂದು ಪುಟ್ಟ ಪವರ್ ಸ್ಟೇಷನ್ ತಂದರು. ಮುದ್ದಾಗಿತ್ತು, ದೀಪ ಉರಿಸಿತು, ಪಂಪು ಓಡಿಸಿತು. ಇಬ್ಬರೂ ಖುಷಿಪಟ್ಟರು.

ಕಳೆದ ಚಳಿಗಾಲದಲ್ಲಿ ಇದೇ ಮೇಡಂ ತಲೆ ತೊಳೆದು ಅದಕ್ಕೆ ಮೊದಲ ಸಲ ಡ್ರೈಯರ್ ಹಚ್ಚಿದ್ದೇ ತಡ, ಪೆಟ್ಟಿಗೆ ಕೀಚ್ ಎಂದು ಕೂಗಿ ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಕಟ್ಟಡದಲ್ಲೂ ಆ ಹೊತ್ತಿಗೆ ಕರೆಂಟಿರಲಿಲ್ಲ. ಟವೆಲ್ಲಿನಲ್ಲಿ ಎಷ್ಟು ಒರೆಸಿದರೂ ಬಿಳಿಗೂದಲು ಒದ್ದೆಯೇ. ಎರಡು ದಿನಕ್ಕೆ ಮೇಡಂಗೆ ಜ್ವರ, ಎದೆಯಲ್ಲಿ ಕಫ. ಮಗಳು ಫೋನ್ ಮಾಡಿ, "ದಯವಿಟ್ಟು ಇನ್ನು ಬರ್ಬೇಡಿ" ಎಂದಷ್ಟೇ ಹೇಳಿದರು.

"ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ಕತ್ತರಿಯಕ್ಕ. "ಆ 'ದಯವಿಟ್ಟು' ಮುಳ್ಳಿನ ಹಾಗೆ ಚುಚ್ತಿತ್ತು."

ಮೇಡಂ ಚೇತರಿಸಿಕೊಳ್ಳುವವರೆಗೆ ಅವರು ಯಾರ ತಲೆಗೂ ನೀರು ಹಾಕಲಿಲ್ಲ. ಕೊನೆಗೆ ಡ್ರೈಯರನ್ನು ಚೀಲದಲ್ಲಿಟ್ಟುಕೊಂಡು, ಗಂಡನನ್ನು ಹೊರಡಿಸಿಕೊಂಡು ಅಂಗಡಿಗೆ ಹೋದರು. ಬ್ಯಾಟರಿ ಅಂಗಡಿಯಾಕೆ ಡ್ರೈಯರಿನ ಹಿಡಿಯ ಮೇಲಿದ್ದ ಸಣ್ಣ ಅಕ್ಷರ ಓದಿ ಹಣೆ ಚಚ್ಚಿಕೊಂಡರು.

"ಅಕ್ಕಾ, ಪೆಟ್ಟಿಗೆ ಅಂದ್ರೆ ನೀರಿನ ಟ್ಯಾಂಕಿದ್ದ ಹಾಗೆ. ಟ್ಯಾಂಕ್ ಎಷ್ಟು ದೊಡ್ಡದು ಅನ್ನೋದು ಒಂದು, ನಲ್ಲಿ ಎಷ್ಟು ದಪ್ಪ ಅನ್ನೋದು ಇನ್ನೊಂದು. ನಿಮ್ಮದರ ನಲ್ಲಿ ಮುನ್ನೂರು ವ್ಯಾಟ್. ಈ ಡ್ರೈಯರ್ ಕೇಳ್ತಿರೋದು ಸಾವಿರದ ಎಂಟುನೂರು. ಇರುವೆ ಮೇಲೆ ಆನೆ ಹತ್ತಿಸಿದ್ದೀರಿ."

ಗಂಡನ ಕಣ್ಣು ಆಗಲೇ ಅತಿ ದೊಡ್ಡ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಅದು ಡ್ರೈಯರನ್ನು ಹೂವೆತ್ತಿದಷ್ಟು ಸುಲಭವಾಗಿ ಓಡಿಸಿತು. "ಇದೇ ಇರ್ಲಿ, ಮತ್ತೆ ಮರ್ಯಾದೆ ಹೋಗೋದು ಬೇಡ" ಎಂದರು. ಕತ್ತರಿಯಕ್ಕ ಹಿಡಿಕೆ ಹಿಡಿದು ಎತ್ತಲು ನೋಡಿದರು. ಅಂಗಡಿಯ ಮಹಡಿ ಮೆಟ್ಟಿಲಿನ ಅರ್ಧದಲ್ಲೇ ಏದುಸಿರು ಬಿಡುತ್ತ ಕೆಳಗಿಟ್ಟರು. ಮಂಚ ಬಿಟ್ಟೇಳದವರ ಮನೆಗೆ ಅದನ್ನು ಹೊತ್ತೊಯ್ಯಬೇಕಲ್ಲ!

"ನಾನು ಹೊರ್ತೀನಿ ಬಿಡೇ" ಎಂದರು ಗಂಡ.

"ನಿಮ್ಮ ಮಂಡಿ ಏನನ್ನುತ್ತೆ, ಅದನ್ನ ಕೇಳಿ ಮೊದಲು."

ಅಂಗಡಿಯಲ್ಲೇ ಜಗಳ ಹತ್ತಿತು. ಪೆಟ್ಟಿಗೆ ಸಣ್ಣದಾದರೆ ಡ್ರೈಯರ್ ಓಡದು, ದೊಡ್ಡದಾದರೆ ಮೆಟ್ಟಿಲು ಹತ್ತದು. ಆಗ ಅಂಗಡಿಯಾಕೆ, "ಡ್ರೈಯರ್ ಯಾಕೆ ಅಷ್ಟು ಜೋರಾಗಿರ್ಬೇಕು?" ಎಂದು ಕೇಳಿದರು.

ಕತ್ತರಿಯಕ್ಕ ಡ್ರೈಯರನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಪಾರ್ಲರಿನಲ್ಲಿ ಹೊರಗೆ ಜನ ಕಾಯುತ್ತಿದ್ದರು, ಬೇಗ ಮುಗಿಸಬೇಕಿತ್ತು. ಇಲ್ಲಿ ಯಾರು ಕಾಯುತ್ತಿದ್ದಾರೆ? ಮಗುವಿನ ಕೂದಲಿಗೆಂದು ಮಾಡಿದ ಆರುನೂರು ವ್ಯಾಟಿನ ಮೆಲುಗಾಳಿಯ ಡ್ರೈಯರ್ ಕೊಂಡರು. ಅದಕ್ಕೆ ತಕ್ಕಂತೆ ಸಾವಿರ ವ್ಯಾಟಿನ ನಡುಗಾತ್ರದ ಈ ಪೆಟ್ಟಿಗೆ. ನೀರು ಕಾಯಿಸುವುದನ್ನು ಗ್ಯಾಸಿಗೇ ಬಿಟ್ಟರು. ಪೆಟ್ಟಿಗೆ ಹೊತ್ತು ಅಂಗಡಿಯಾಕೆಯ ಮೆಟ್ಟಿಲನ್ನು ಅವರು ಎರಡು ಸಲ ಹತ್ತಿಳಿದರಂತೆ, ತುಟಿ ಬಿಗಿಹಿಡಿದು. ರಾತ್ರಿಯಿಡೀ ಮನೆಯ ಗೋಡೆಯ ಪ್ಲಗ್ಗಿನಿಂದ ಚಾರ್ಜ್ ತುಂಬಿಕೊಂಡರೆ ಇಡೀ ದಿನದ ಕೆಲಸಕ್ಕೆ ಸಾಕು.

ಮೇಡಂ ಮನೆಯಿಂದ ಮತ್ತೆ ಕರೆ ಬಂದದ್ದು ಮೇಡಂ ಹಟದಿಂದ. ಆ ಬೆಳಿಗ್ಗೆ ಮಗಳು ಒಣಟವೆಲ್ ಹಿಡಿದು ವ್ಯಾನಿನ ಬಾಗಿಲಲ್ಲಿ ಕಾವಲು ನಿಂತಿದ್ದರು. ಪೆಟ್ಟಿಗೆ ಕೂಗಲಿಲ್ಲ. ಬಿಸಿಗಾಳಿ ಬೀಸುತ್ತಲೇ ಇತ್ತು. ಕಾಲು ಗಂಟೆಯಲ್ಲಿ ಮೇಡಂ ತಾವು ಪಾಠ ಮಾಡಿದ ಮೊದಲ ತರಗತಿಯ ಕಥೆ ಹೇಳಿದರು, ಮಗಳು ಅದನ್ನು ಯಾವತ್ತೂ ಕೇಳಿರಲಿಲ್ಲ. ಕಥೆ ಮುಗಿಯುವ ಮೊದಲೇ ಮೇಡಂಗೆ ನಿದ್ದೆ. ಮಗಳು ಕೂದಲಿನ ಬುಡದವರೆಗೆ ಬೆರಳಾಡಿಸಿ ನೋಡಿ, ಟವೆಲ್ ಮಡಚಿಟ್ಟರು.

ಇವತ್ತೂ ಮೇಡಂ ತೂಕಡಿಸುತ್ತಿದ್ದಾರೆ. ಅವರನ್ನು ಮೇಲೆ ಬಿಟ್ಟು ಬಂದ ಮೇಲೆ ಇನ್ನೂ ನಾಲ್ಕು ಮನೆ. ಒಂದು ಕಡೆ ಕತ್ತರಿಯಕ್ಕ ಪೆಟ್ಟಿಗೆ ಹೊತ್ತು ಎರಡು ಮಹಡಿ ಹತ್ತುತ್ತಾರೆ. ಹಿಂದೆ ನೀರಿನ ಕ್ಯಾನು ಹಿಡಿದು ಗಂಡ, "ಮಂಡಿ ಏನೂ ಅಂತಿಲ್ಲ" ಎಂದು ಯಾರೂ ಕೇಳದಿದ್ದರೂ ಹೇಳುತ್ತ. ಸಂಜೆ ವ್ಯಾನ್ ಒರೆಸುವಾಗ, ಮುಂದೇನು ಆಸೆ ಎಂದು ಕೇಳುತ್ತೇನೆ. ದೊಡ್ಡ ವ್ಯಾನ್, ಇನ್ನೊಬ್ಬ ಸಹಾಯಕಿ ಎಂಬ ಉತ್ತರ ನಿರೀಕ್ಷಿಸಿದ್ದೆ.

"ಆಸೆನಾ? ಈ ಕುರ್ಚಿಯಲ್ಲಿ ಒಂದ್ಸಲ ನಾನೂ ಒರಗಿ ಕೂರ್ಬೇಕು. ಯಾರಾದ್ರೂ ತಲೆ ತೊಳೀಬೇಕು. ನಾನು ಮಾತಾಡ್ಬೇಕು, ಇಲ್ಲಾ ಸುಮ್ನಿರ್ಬೇಕು."

ಗಂಡ ಒಲೆ ಹಚ್ಚಿ ನೀರಿಡುತ್ತಾರೆ. "ಅಯ್ಯೋ, ಬಂದವರ ಎದುರಿಗೆ ಇದೇನ್ರೀ" ಎನ್ನುತ್ತಲೇ ಕತ್ತರಿಯಕ್ಕ ಪೆಟ್ಟಿಗೆಯ ಪರದೆಗೆ ಬಗ್ಗಿ ನೋಡುತ್ತಾರೆ. ಒಂದು ತಲೆಗಾಗುವಷ್ಟು ಉಳಿದಿದೆ. ಕ್ಲಿಪ್ ತೆಗೆದು ಕುರ್ಚಿಗೆ ಒರಗುತ್ತಾರೆ. ಗಂಡನ ಒರಟು ಕೈ ಕೂದಲಿಗಿಳಿಯುತ್ತದೆ.

"ರೀ, ಮೆತ್ತಗೆ. ಬಸ್ ತೊಳೀತಿಲ್ಲ ನೀವು."

ಕೈ ಮೆತ್ತಗಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮಾತೂ ನಿಲ್ಲುತ್ತದೆ. ನಾನು ವ್ಯಾನಿನ ಬಾಗಿಲನ್ನು ಸದ್ದಾಗದಂತೆ ಎಳೆದು ಹೊರಡುತ್ತೇನೆ.