ಮೂಲವೇ ಮಸುಕಾಗಿದೆ

ಮೊನ್ನೆ ಸಂಜೆ ಮದ್ದೂರಿನ ಬಸ್ ನಿಲ್ದಾಣದ ಹತ್ತಿರ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ಮದ್ದೂರಿಗೆ ಹೋಗಿ ವಡೆ ಬಿಟ್ಟು ಗೋಬಿ ತಿನ್ನುವವನನ್ನು ನಮ್ಮ ಕಡೆಯವರು ಸುಲಭಕ್ಕೆ ಕ್ಷಮಿಸುವುದಿಲ್ಲ, ಗೊತ್ತು. ಗಾಡಿಯವನು ಕಾದ ಬಾಣಲೆಗೆ ವಿನಿಗರ್ ಸುರಿದ. ಭುಸ್ ಎಂದು ಹುಳಿ ಹೊಗೆ ಎದ್ದು ಮೂಗಿಗೆ ಹೊಡೆಯಿತು. ಸುತ್ತ ನಿಂತವರ ಬಾಯಲ್ಲಿ ನೀರೂರಿತು. ನನ್ನ ಕೈ ಮಾತ್ರ ತಾನಾಗಿಯೇ ಅಂಗಿಯ ಜೇಬಿಗೆ ಹೋಗಿ ಬಿಳಿ ಹತ್ತಿ ಕೈಗವಸು ಹುಡುಕತೊಡಗಿತು. ಆ ಕೈಗವಸು ಈಗ ಎಲ್ಲಿದೆಯೋ...

ಜೊತೆಗಿದ್ದ ಗೆಳೆಯ ನನ್ನ ಮುಖ ನೋಡಿದ. "ಯಾಕ್ಲಾ, ಗೋಬಿ ನೋಡಿ ಕಣ್ಣೀರಾಕ್ತಿದ್ದೀಯ?"

"ಕಾರ ಕಣ್ಲಾ."

"ಇನ್ನೂ ಬಾಯಿಗೇ ಇಟ್ಟಿಲ್ವಲ್ಲೋ ಬಡ್ಡೆತ್ತದೆ!"

ಅದು ಅಕ್ಕನ ಕೋಣೆಯ ವಾಸನೆ ಎಂದು ಅವನಿಗೆ ಹೇಗೆ ಹೇಳಲಿ?

ಮಂಡ್ಯದ ಸರ್ಕಾರಿ ಕಟ್ಟಡವೊಂದರ ಹಿಂಭಾಗದಲ್ಲಿ ಕೆಲವು ಕಾಲ ನನಗೆ ಗುತ್ತಿಗೆ ಕೆಲಸವಿತ್ತು. ಮದ್ದೂರು, ಮಳವಳ್ಳಿ ತಾಲ್ಲೂಕಿನ ಹಳ್ಳಿಗಳ ಹಳೆಯ ದಾಖಲೆಗಳು ಬಟ್ಟೆಯ ಗಂಟುಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ನಾವು ಹುಡುಗರು ಗಂಟು ಬಿಚ್ಚಿ, ಧೂಳು ಕುಡಿದು, ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡುತ್ತಿದ್ದೆವು. ಆ ಚಿತ್ರಗಳನ್ನು ಒಂದು ಯಂತ್ರ ಮೈಕ್ರೋಫಿಲ್ಮಿಗೆ ಇಳಿಸುತ್ತಿತ್ತು. ಇಡೀ ಪುಟ ಉಗುರಿನಷ್ಟು ಆಗಿ ಸುರುಳಿಯೊಳಗೆ ಕೂರುತ್ತಿತ್ತು. ಆ ಸುರುಳಿಯನ್ನು ಕತ್ತಲೆ ಕೋಣೆಯಲ್ಲಿ ಔಷಧಿ ನೀರಿನಲ್ಲಿ ತೊಳೆದು, ಒಣಗಿಸಿ, ದೀಪದ ಮೇಜಿನ ಮೇಲೆ ಹಾಸಿ, ಚೌಕ ಚೌಕವಾಗಿ ನೋಡಿ ಸರಿ ಎನ್ನುವವರು ಅಕ್ಕ, ನನಗೊಬ್ಬನಿಗಲ್ಲ, ಇಡೀ ಆಫೀಸಿಗೇ ಅಕ್ಕ. ಬಿಳಿ ಕೈಗವಸು ಹಾಕದೆ ಫಿಲ್ಮ್ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಆ ಔಷಧಿಗೆ ಥೇಟ್ ವಿನಿಗರಿನ ಹುಳಿ ವಾಸನೆ. ಅಕ್ಕನ ಸೆರಗಿಗೂ ಅದೇ ವಾಸನೆ, ಟಿಫನ್ ಡಬ್ಬಿಗೂ ಅದೇ.

ಕಂಪ್ಯೂಟರಿನಲ್ಲಿ ಇರುವುದನ್ನು ಮತ್ತೆ ಫಿಲ್ಮಿಗೆ ಯಾಕೆ ಹಾಕಬೇಕು ಎಂದು ಸೇರಿದ ದಿನವೇ ಕೇಳಿದ್ದೆ. ಬುದ್ಧಿವಂತ ಅಂತ ತೋರಿಸಿಕೊಳ್ಳಬೇಕಲ್ಲ.

"ನಿನ್ ಕಂಪ್ಯೂಟ್ರು ಕೆಟ್ರೆ ನೋಡಕ್ಕೆ ಇನ್ನೊಂದು ಕಂಪ್ಯೂಟ್ರು ಬೇಕು," ಅಂದರು ಅಕ್ಕ. "ಇದುಕ್ಕೆ ಒಂದು ದೀಪ, ಒಂದು ಬೂತಗನ್ನಡಿ ಸಾಕು ಕಣ್ಲಾ. ನಿನ್ ಮೊಮ್ಮಕ್ಳು ಕರೆಂಟಿಲ್ದಿದ್ರೂ ಓದ್ಕತಾರೆ. ಮೊದ್ಲು ನಿಂಗೆ ಎಣ್ಣು ಸಿಕ್ಕುದ್ರೆ."

ಬಂಡೂರಿನವರು ಅಕ್ಕ. ಅಲ್ಲಿಯ ಕುರಿಗಳ ಹಾಗೇ ಗಿಡ್ಡಗೆ, ಗುಂಡಗೆ, ಗಟ್ಟಿಯಾಗಿದ್ದರು. ಇದನ್ನು ಅವರ ಎದುರೇ ಹೇಳಿ ಫೈಲಿನಲ್ಲಿ ಏಟು ತಿಂದಿದ್ದೇನೆ. ಆದರೆ ಅವರ ಆಸ್ತಿಯೆಂದರೆ ದನಿ. ಕತ್ತಲೆ ಕೋಣೆಯೊಳಗಿಂದ "ಬಾಗ್ಲು ತಗೀಬ್ಯಾಡ್ರಲಾ!" ಎಂದರೆ ರಸ್ತೆಯಾಚೆಯ ಟೀ ಅಂಗಡಿಯವನೂ ತನ್ನ ಬಾಗಿಲು ಮುಟ್ಟುತ್ತಿರಲಿಲ್ಲ.

ನನಗೋ ಮಿಮಿಕ್ರಿಯ ಚಟ. ಮದುವೆ ಮನೆಗಳಲ್ಲಿ ಊಟದ ಋಣಕ್ಕೆ ಹತ್ತಾರು ದನಿ ತೆಗೆಯುತ್ತಿದ್ದೆ. ಇವನ ಸ್ವಂತ ದನಿ ಯಾವುದು ಎಂದು ಹೆತ್ತ ಅವ್ವನಿಗೇ ಅನುಮಾನ. ಅಕ್ಕನ ದನಿ ಕಲಿಯಲು ವಾರವೂ ಬೇಕಾಗಲಿಲ್ಲ. ಒಮ್ಮೆ ಟೀ ತಂದ ಅಟೆಂಡರಿಗೆ ಒಳಗಿನಿಂದ ಅದೇ ದನಿಯಲ್ಲಿ "ಬಾಗ್ಲು ತಗೀಬ್ಯಾಡ!" ಅಂದುಬಿಟ್ಟೆ. ಪಾಪ, ಟೀ ಆರಿ ಕೆನೆಗಟ್ಟುವ ತನಕ ಹೊರಗೇ ನಿಂತಿದ್ದ. ಅಷ್ಟರಲ್ಲಿ ಅಕ್ಕ ಅವನ ಹಿಂದೆಯೇ ಬಂದು ನಿಂತಿದ್ದರು.

"ಯಾವನ್ಲಾ ಅವ್ನು ನನ್ ಗಂಟ್ಲು ಕದ್ದೋನು? ಇನ್ನೊಂದ್ಸತಿ ಅನ್ನು."

ಅಂದೆ. ಫಿಲ್ಮ್ ನೋಡುವಾಗಿನಂತೆ ಒಂದು ಕಣ್ಣು ಕಿರಿದು ಮಾಡಿ ಕೇಳಿದರು. "ಕೊನೇಲಿ ವಸಿ ಎಳೀಬೇಕು. ಮಿಕ್ಕಿದ್ದು ಸರ್ಯಾಗದೆ," ಅಂದು ಆರಿದ ಟೀಯನ್ನೇ ಕುಡಿದು ಹೋದರು.

ಅವರ ಹತ್ತಿರ ಒಂದಷ್ಟು ರಟ್ಟಿನ ಕಾರ್ಡುಗಳಿದ್ದವು. ದಾಖಲೆಯ ಪುಟ ಹರಿದಿದ್ದರೆ, ಶಾಯಿ ಅಳಿಸಿದ್ದರೆ, ಅದರ ಚಿತ್ರಕ್ಕೆ ಮುಂಚೆ ಅಂಥದೊಂದು ಕಾರ್ಡಿನ ಚಿತ್ರ ಫಿಲ್ಮಿನಲ್ಲಿ ಬರಬೇಕು. ಒಂದರಲ್ಲಿ 'ಮೂಲವೇ ಹರಿದಿದೆ' ಎಂದಿತ್ತು, ಇನ್ನೊಂದರಲ್ಲಿ 'ಮೂಲವೇ ಮಸುಕಾಗಿದೆ' ಎಂದು. ನಮಗೆ ಹುಡುಗರಿಗೆ ಈ ಕಾರ್ಡೆಂದರೆ ಬೇಜಾರು. ಕಂಪ್ಯೂಟರಿನಲ್ಲೇ ಪುಟವನ್ನು ಬೆಳ್ಳಗೆ ಮಾಡಿ, ಅಳಿಸಿದ ಅಕ್ಷರದ ಬಾಲ ಎಳೆದುಬಿಟ್ಟರೆ ಎಷ್ಟು ಚಂದ! ಬೆಳಕವಾಡಿಯ ಒಂದು ಗಂಟಿಗೆ ನೀರು ಬಿದ್ದಿತ್ತು. ಅದನ್ನು ನಾವು ಹೀಗೇ ಸಿಂಗಾರ ಮಾಡಿ ಕಳಿಸಿದೆವು. ಅಕ್ಕ ದೀಪದ ಮೇಜಿನಿಂದ ತಲೆ ಎತ್ತಿದರು.

"ಇದ್ಯಾವ ಬ್ಯೂಟಿ ಪಾರ್ಲರ್ರು?"

"ಚೆನ್ನಾಗಿ ಕಾಣ್ಲಿ ಅಂತ ಅಕ್ಕ."

"ಮಸುಕಾಗಿದ್ರೆ ಮಸುಕು ಅಂತ ಯೋಳಿ. ನೀವು ತಿದ್ದಿ ಮಡಗುದ್ರೆ ನಾಳಿಕ್ಕೆ ನೋಡೋನು ನಂಬ್ಬುಡ್ತಾನೆ ಕಣ್ರಲಾ!"

ಇಡೀ ಗಂಟನ್ನು ಮತ್ತೆ ಸ್ಕ್ಯಾನ್ ಮಾಡಿಸಿದರು. ಮಧ್ಯಾಹ್ನದ ಊಟವನ್ನೂ ಬಿಡಲಿಲ್ಲ... ಅಂದರೆ, ಅವರು ಊಟ ಬಿಡಲಿಲ್ಲ. ನಮ್ಮದು ಬಿಡಿಸಿದರು.

ಆಮೇಲಾಮೇಲೆ ಆ ದನಿ ಒಡೆಯತೊಡಗಿತು. ಔಷಧಿ ಘಾಟು ಎಂದುಕೊಂಡೆವು, ಶೀತ ಎಂದುಕೊಂಡೆವು. ಮೈಸೂರಿನ ಡಾಕ್ಟರು ಗಂಟಲಲ್ಲಿ ಗಡ್ಡೆ ಎಂದರು. ಆಪರೇಷನ್ ಮಾಡಿದರೆ ಜೀವಕ್ಕೆ ಅಪಾಯವಿಲ್ಲ, ದನಿ ಬರಬಹುದು, ಬಾರದೆಯೂ ಇರಬಹುದು ಎಂದರಂತೆ. ಆಸ್ಪತ್ರೆಗೆ ಸೇರುವ ಮುನ್ನಾದಿನ ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

"ಲೇ, ನನ್ ಗಂಟ್ಲು ನಿನ್ತಾವ ಅದೆ ಅಲ್ವಾ?"

ನಾನು ನಕ್ಕೆ. ಅವರು ನಗಲಿಲ್ಲ.

ಬಂಡೂರಿನಲ್ಲಿ ತಮ್ಮನ ಸಂಸಾರದ ಜೊತೆ ಅವರ ತಾಯಿ ಇದ್ದರು. ಕಣ್ಣು ಕಾಣದು. ಮಗಳೆಂದರೆ ಆ ಮುದುಕಿಗೆ ದಿನಾ ಸಂಜೆ ಫೋನಿನಲ್ಲಿ ಬರುವ ದನಿಯೇ. ಅದು ಬರದಿದ್ದರೆ ರಾತ್ರಿ ಮುದ್ದೆ ಮುಟ್ಟುತ್ತಿರಲಿಲ್ಲ. ಮುದುಕಿಗೆ ಒಮ್ಮೆ ಎದೆನೋವು ಬಂದು ಹೋಗಿದ್ದರಿಂದ, ಆಪರೇಷನ್ ಸುದ್ದಿ ಹೇಳಿದರೆ ಅವ್ವ ಉಳಿಯೋದಿಲ್ಲ ಎಂದು ತಮ್ಮ ಹೆದರಿಸಿದ್ದ.

"ನಾನು ವಾಸಿ ಆಗೋಗಂಟ ನೀನು ಮಾತಾಡು. 'ಉಂಡ್ಯವ್ವಾ' ಅನ್ನು. ಅವ್ವ ಕುರಿ ಇಸ್ಯ ಯೋಳ್ತದೆ, ಹೂಂ ಅನ್ನು. ಜಾಸ್ತಿ ಆಡ್ಬ್ಯಾಡ, ನಿನ್ ಬುದ್ಧಿ ಗೊತ್ತು ನಂಗೆ."

ಹಾಗಾಗಿ ಆ ದಿನಗಳಲ್ಲಿ ಮಂಡ್ಯದ ಬಸ್ ನಿಲ್ದಾಣದಲ್ಲಿ ಮೀಸೆ ಹೊತ್ತ ಗಂಡಸೊಬ್ಬ ಕಂಬದ ಮರೆಯಲ್ಲಿ ನಿಂತು ಹೆಂಗಸಿನ ದನಿಯಲ್ಲಿ "ಅವ್ವಾ, ಉಂಡ್ಯವ್ವಾ?" ಎನ್ನುತ್ತಿದ್ದುದನ್ನು ಯಾರಾದರೂ ಕಂಡಿದ್ದರೆ, ಅದು ನಾನೇ. ಒಬ್ಬ ಕಂಡಕ್ಟರ್ ಟಿಕೆಟ್ ಹರಿಯುವುದನ್ನೂ ಮರೆತು ನೋಡುತ್ತಿದ್ದ.

"ಕರಿ ಕುರಿ ಮರಿ ಹಾಕ್ತು ಕಣವ್ವ," ಎನ್ನುತ್ತಿತ್ತು ಮುದುಕಿ.

"ಹೌದಾ ಅವ್ವ? ಚೆಂದಾಗದಾ?"

"ನನ್ನೇನು ಕೇಳೀಯೆ, ನಂಗ್ ಕಾಣ್ತದಾ? ಮೈ ಮುಟ್ಟಿ ನೋಡ್ದೆ. ಬೆಣ್ಣೆ ಅಂಗದೆ."

ಅಕ್ಕ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ವಾಪಸು ಬಂದರು. ಬಾಯಿ ತೆರೆದರೆ ಒಣಗಿದ ಕಬ್ಬಿನ ಸೋಗೆಯ ಮೇಲೆ ಯಾರೋ ನಡೆದ ಹಾಗೆ ಸದ್ದು. ಇನ್ನು ಇಷ್ಟೇ ಎಂದರಂತೆ ಡಾಕ್ಟರು. ಸಂಜೆಯ ಫೋನು ನನ್ನ ಬಳಿಯೇ ಉಳಿಯಿತು. ದೀಪದ ಮೇಜಿನ ಆಚೆ ಅಕ್ಕ, ಈಚೆ ನಾನು, ನಡುವೆ ಸ್ಪೀಕರ್ ಹಾಕಿದ ಫೋನು. ಅವರು ಪಿಸುಗುಟ್ಟಿದ್ದನ್ನು ನಾನು ಅವರ ದನಿಯಲ್ಲಿ ಹೇಳುವುದು. ಆಗ ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದ ರೀತಿ... ಮಾರಿದ ಹಸು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಅಂಬಾ ಎಂದಾಗ ನೋಡುತ್ತಾರಲ್ಲ, ಹಾಗೆ.

ಒಂದು ಸಂಜೆ ಮುದುಕಿ ನಗುತ್ತಾ ಹೇಳಿತು: "ನಮ್ ಬೀದಿಯೋನು ಯಾವನೋ ನಿನ್ನ ಆಸ್ಪತ್ರೇಲಿ ನೋಡ್ದೆ ಅಂದ ಕಣವ್ವ. ಓಗಲಾ, ನನ್ ಮಗಳ ದನಿ ಕಂಚಿನಂಗದೆ, ದಿನಾ ಕೇಳಾಕಿಲ್ವಾ ಅಂತ ಉಗುದು ಕಳ್ಸಿದೆ."

ನಾನು ಗೆದ್ದವನಂತೆ ಅಕ್ಕನ ಕಡೆ ಹುಬ್ಬು ಹಾರಿಸಿದೆ. ಅವರು ಮುಖ ತಿರುಗಿಸಿದರು.

ಮಾರನೆಯ ಸಂಜೆ ಫೋನು ಹಚ್ಚುವ ಮೊದಲು ಅಕ್ಕ ಡ್ರಾಯರಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ತಳ್ಳಿದರು. 'ಮೂಲವೇ ಮಸುಕಾಗಿದೆ.' ಆಮೇಲೆ ಫೋನನ್ನು ತಮ್ಮ ಕಡೆ ಎಳೆದುಕೊಂಡರು.

"ಬ್ಯಾಡ ಅಕ್ಕ. ಅವ್ವುಂಗೆ ಏನಾರ ಆಗೋದ್ರೆ?"

"ಅವ್ವ ನಂಬ್ಬುಟ್ಟದೆ ಕಣ್ಲಾ," ಎಂದರು. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು.

ಆ ಕಡೆ ಫೋನ್ ಎತ್ತಿದ ಸದ್ದು. ಅಕ್ಕ "ಅವ್ವಾ" ಅಂದರು. ಸೋಗೆ ಸರಸರ ಎಂದಿತು.

"ಯಾರು?"

"ಅವ್ವಾ..."

ಆ ಕಡೆ ಹಿಂದೆ ಎಲ್ಲೋ ಕುರಿಗಳು ಒದರುತ್ತಿದ್ದವು. ನಾನು ಬಾಯಿ ತೆರೆದೆ, ಕೆಲಸ ಕೆಡುವ ಮುಂಚೆ ನಾನೇ ಮಾತಾಡಿಬಿಡೋಣವೆಂದು. ಅಕ್ಕ ಕೈ ಎತ್ತಿ ತಡೆದರು.

"ಏನಾಯ್ತವ್ವ ನಿನ್ ಗಂಟ್ಲಿಗೆ?" ಅಂದಿತು ಮುದುಕಿ.

ಅಕ್ಕ ಎಲ್ಲವನ್ನೂ ಹೇಳಿದರು. ಒಡೆದ ಒಂದೊಂದು ಮಾತನ್ನೂ ಆ ಕಡೆ ಅವರ ಅವ್ವ ಕಾದು, ಕೇಳಿ, ಹೂಂಗುಟ್ಟಿದರು. ಅತ್ತರು, ಬೈದರು, ಮತ್ತೆ ಅತ್ತರು. ಎದೆ ಒಡೆಯಲಿಲ್ಲ. ಕೊನೆಗೆ, "ನೆನ್ನೆಗಂಟ ಮಾತಾಡ್ತಿದ್ದೋನು ಯಾವನು? ಕೊಡು ಅವುನ್ಗೆ," ಎಂದರು.

ಫೋನು ತೆಗೆದುಕೊಂಡೆ. ಅಂಥ ಬೈಗುಳವನ್ನು ನಾನು ಮಿಮಿಕ್ರಿಯಲ್ಲೂ ಬಳಸಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದರು, "ನೀನು ಉಂಡೇನ್ಲಾ?"

ಆಮೇಲೆ ಅಕ್ಕ ತಾವೇ ಫೋನು ಮಾಡುತ್ತಿದ್ದರು. ಮಳವಳ್ಳಿಯ ಕೊನೆಯ ಗಂಟೂ ಮುಗಿದು, ನಮ್ಮ ಗುತ್ತಿಗೆಯೂ ಮುಗಿದು, ಎಲ್ಲರೂ ಚದುರಿದೆವು. ಗಡ್ಡೆ ಮತ್ತೆ ಬಂತು ಎಂದು ನನಗೆ ತಿಳಿಯುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದರು. ಬಂಡೂರಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದ ಮುದುಕಿ ನನ್ನ ಮುಖವನ್ನೆಲ್ಲ ಕೈಯಲ್ಲಿ ಸವರಿ, ಮೀಸೆ ಸಿಕ್ಕಾಗ ಸ್ವಲ್ಪ ನಕ್ಕಿತು.

"ಒಂದ್ಸತಿ ಅವಳಂಗೆ ಅನ್ನು ಮಗ."

"ಅವ್ವಾ, ಉಂಡ್ಯವ್ವಾ?" ಕೊನೆಯಲ್ಲಿ ವಸಿ ಎಳೆದೆ, ಅಕ್ಕ ತಿದ್ದಿದ್ದ ಹಾಗೇ. ಒಳಗಿನಿಂದ ಸೊಸೆ ಓಡಿ ಬಂದಳು, ಅಷ್ಟು ಚೆನ್ನಾಗಿ ಬಂದಿತ್ತು.

ಮುದುಕಿ ತಲೆಯಾಡಿಸಿತು. "ಅದು ಹಳೇದು ಕಣಪ್ಪ. ಕೊನೇಲಿ ಇತ್ತಲ್ಲ, ಆ ದನೀಲಿ ಅನ್ನು."

ಬಾಯಿ ತೆರೆದೆ. ಬರಲಿಲ್ಲ. ಆ ಒಡಕು ದನಿಯನ್ನು ನಾನು ಯಾವತ್ತೂ ಅಣಕಿಸಿರಲಿಲ್ಲ, ಕಲಿತೂ ಇರಲಿಲ್ಲ. ಮುದುಕಿ ಸುಮಾರು ಹೊತ್ತು ಕಿವಿಗೊಟ್ಟು ಕೂತಿತ್ತು...

ಮೊನ್ನೆ ಗೋಬಿ ತಿಂದಾದ ಮೇಲೆ ಗೆಳೆಯನ ಕಾಟಕ್ಕೆ ಕಂಡಕ್ಟರ್ ದನಿ ತೆಗೆದೆ, ಗಾಡಿಯವನ ದನಿಯನ್ನೂ ತೆಗೆದೆ. ನಾಲ್ಕು ಜನ ನಕ್ಕರು. ರಾತ್ರಿ ಮಂಡ್ಯದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ, ಯಾರಿಗೂ ಕೇಳದ ಹಾಗೆ ಆ ಒಡಕು ದನಿಯನ್ನು ಮತ್ತೊಮ್ಮೆ ಪ್ರಯತ್ನಿಸಿದೆ. "ಅವ್ವಾ..."

ಪಕ್ಕದಲ್ಲಿದ್ದ ಹಿರಿಯರು ನನ್ನ ಬೆನ್ನು ತಟ್ಟಿ, ಚೀಲದಿಂದ ಬಾಟಲಿ ತೆಗೆದರು.

"ಗಂಟ್ಲಿಗೆ ಏನಾರ ಸಿಗಾಕ್ಕಂತಾ ಮಗ? ತಗೋ, ನೀರು ಕುಡಿ."

ಇಲ್ಲ ಅನ್ನಲಾಗಲಿಲ್ಲ. ಕುಡಿದೆ.